ಕಾರಿನೊಳಗಿನ ಕಟಕಟ

ದೇವರು ಕೆಲವರಿಗೆ ದುಡ್ಡನ್ನು ಧಾರಾಳವಾಗಿ ಕೊಡುತ್ತಾನೆ, ಕೆಲವರಿಗೆ ತಲೆಗೂದಲನ್ನು. ನನ್ನ ಸರದಿ ಬರುವ ಹೊತ್ತಿಗೆ ಅವೆರಡೂ ಮುಗಿದುಹೋಗಿದ್ದವೋ ಏನೋ, ಬರಿಗೈಯಲ್ಲಿ ಕಳಿಸಬಾರದೆಂದು ಕಿವಿಯನ್ನು ಕೊಟ್ಟು ಕಳಿಸಿದ. ನೋಡಲು ಅದು ಎಲ್ಲರ ಕಿವಿಯಂತೆಯೇ ಇದೆ. ಆದರೆ ಬೇಡದ್ದೆಲ್ಲ ಕೇಳಿಸುತ್ತದೆ. ಹಿತ್ತಿಲ ನಲ್ಲಿಯನ್ನು ಯಾರಾದರೂ ಸರಿಯಾಗಿ ತಿರುಗಿಸದೆ ಬಂದಿದ್ದರೆ ಅದು ತೊಟ್ಟಿಕ್ಕುವ ಸದ್ದು ನಡುಮನೆಯಲ್ಲಿ ಊಟಕ್ಕೆ ಕೂತ ನನಗೆ ಕೇಳಿಸಿ, ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಫ್ಯಾನು ಸುತ್ತಿಗೊಮ್ಮೆ ಕಿಟ್ ಎಂದರೆ ಮುಂದಿನ ಕಿಟ್ಟಿಗಾಗಿ ಕಾಯುತ್ತ ಕೂರುತ್ತೇನೆ, ಗಾಳಿ ಬಂದದ್ದೇ ಗೊತ್ತಾಗುವುದಿಲ್ಲ. ಎದುರುಮನೆಯವರ ಗೇಟು ಕಿರ್ರೆನ್ನುವುದನ್ನು ತಡೆಯಲಾರದೆ ಒಂದು ಮುಂಜಾನೆ ನಾನೇ ಹೋಗಿ ಅದಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು ಬಂದಿದ್ದೆ. ಕಳ್ಳನೆಂದು ತಿಳಿದು ಅವರ ನಾಯಿ ನನ್ನ ಪಂಚೆಯ ಒಂದು ಭಾಗವನ್ನು ಇಟ್ಟುಕೊಂಡಿತು. “ಊರಿನ ಸದ್ದೆಲ್ಲ ಕೇಳಿಸೋ ಈ ಕಿವಿಗೆ ನಾನು ಕರೆದದ್ದು ಮಾತ್ರ ಕೇಳ್ಸಲ್ಲ” ಎನ್ನುವುದು ನನ್ನ ಹೆಂಡತಿ ಮಂಗಳಳ ಹಳೆಯ ತಕರಾರು.

ಈ ಕಿವಿಯ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ತಿಪಟೂರು ಸೀಮೆಯಲ್ಲಿ ಕಿವಿಯೆಂದರೆ ಅನ್ನ. ಬಲಿತ ತೆಂಗಿನಕಾಯಿಯನ್ನು ಅಟ್ಟದ ಮೇಲೆ ರಾಶಿ ಹಾಕಿ, ಹೆಚ್ಚುಕಡಿಮೆ ಒಂದು ವರ್ಷ ಅದರ ತಂಟೆಗೆ ಹೋಗದೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಅದನ್ನು ನಾವು ಗಿಟುಕು ಎನ್ನುತ್ತೇವೆ. ಆಯಿತೋ ಇಲ್ಲವೋ ಎಂದು ಒಡೆದು ನೋಡುವಂತಿಲ್ಲ, ಒಡೆದರೆ ಕೆಟ್ಟಿತು. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಎಂದರೆ ಇನ್ನೂ ನೀರಿದೆ. ಏನೂ ಅನ್ನದಿದ್ದರೆ ಇನ್ನಷ್ಟು ದಿನ ಬೇಕು. ಕಟಕಟ ಎಂದರೆ ಗಿಟುಕು ಚಿಪ್ಪಿನೊಳಗೆ ಬಿಡಿಯಾಗಿ ಉರುಳಾಡುತ್ತಿದೆ, ಕೆಳಗಿಳಿಸಬಹುದು. ಈ ಕಟಕಟ ಕೇಳಿದರೆ ನಮ್ಮ ಕಡೆಯ ಎಂಥ ಸಿಡುಕನ ಮುಖವೂ ಅರಳುತ್ತದೆ. ನಮ್ಮ ಬೀದಿಯಲ್ಲಿ ಯಾರ ಮನೆಯ ಅಟ್ಟ ಇಳಿಸಬೇಕಾದರೂ “ಸಿದ್ದೇಶಣ್ಣನ ಕರೀರಿ, ಕಿವಿ ಇಟ್ಟು ಹೇಳ್ತಾನೆ” ಎನ್ನುತ್ತಾರೆ. ನಾನು ಹೋಗಿ, ಒಂದೊಂದನ್ನೂ ಅಲ್ಲಾಡಿಸಿ, ವೈದ್ಯರ ಹಾಗೆ ಕಣ್ಣು ಮುಚ್ಚಿ ತೀರ್ಪು ಕೊಟ್ಟು, ಕಾಫಿ ಕುಡಿದು ಬರುತ್ತೇನೆ. ಬೆಂಗಳೂರಿನ ತರಕಾರಿ ಅಂಗಡಿಯಲ್ಲೂ ನನ್ನ ಕೈ ಸುಮ್ಮನಿರುವುದಿಲ್ಲ. ಅಲ್ಲಿಟ್ಟ ಕಾಯಿಗಳನ್ನೆಲ್ಲ ಕಿವಿಗೆ ಹಿಡಿದು ಅಲ್ಲಾಡಿಸಿ, ಒಂದನ್ನೂ ಕೊಳ್ಳದೆ ವಾಪಸ್ ಇಟ್ಟು ಬರುವುದನ್ನು ನೋಡಿ ಮಂಗಳಳ ತಮ್ಮ ಲೋಕೇಶ ನನ್ನ ಜೊತೆ ಅಂಗಡಿಗೆ ಬರುವುದನ್ನೇ ನಿಲ್ಲಿಸಿದ್ದಾನೆ.

ಈಗ ಹೇಳಹೊರಟಿರುವುದು ಆ ಲೋಕೇಶನ ಮನೆಗೆ ಹೋದ ದಿನದ ಕತೆ. ಅವನು ಬೆಂಗಳೂರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದಾನೆ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿರಲಿಲ್ಲ. ಊರಿನ ಹರಕೆ, ಬೆಂಗಳೂರಿನ ಡಾಕ್ಟರು ಎಲ್ಲ ಆಗಿ, ಅವರೂ ಸುಮ್ಮನಾಗಿ, ನೆಂಟರೂ ಕೇಳುವುದನ್ನು ಬಿಟ್ಟ ಮೇಲೆ ಹೆಣ್ಣುಮಗುವಾಯಿತು. ನಾಮಕರಣದ ದಿನ ಗೊತ್ತಾದಾಗ ಲೋಕೇಶ ಫೋನು ಮಾಡಿ, “ಅಕ್ಕ, ಹೆಸರು ನಾವು ಯಾರೂ ಯೋಚ್ನೆ ಮಾಡಿಲ್ಲ. ಸೋದರತ್ತೆ ನೀನು. ನೀನೇ ಹುಡುಕು, ನೀನೇ ಬಂದು ಕಿವೀಲಿ ಹೇಳು” ಎಂದ. ತೊಟ್ಟಿಲಲ್ಲಿ ಮಲಗಿಸಿದ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಮಂಗಳ ಅವತ್ತು ಫೋನಿಟ್ಟು ಅಡಿಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಹೆಸರು ಹುಡುಕಲು ಶುರುಮಾಡಿದಳು. ಹುಡುಕಿದ್ದೂ ಆಯಿತು. ಆದರೆ ಏನು ಹೆಸರೆಂದು ನನಗೂ ಹೇಳಲಿಲ್ಲ, ಮಗಳು ಸಿಂಚನಳಿಗೂ ಹೇಳಲಿಲ್ಲ. “ಮೊದಲು ಅವಳ ಕಿವಿಗೆ ಬೀಳ್ಬೇಕು, ಆಮೇಲೆ ನಿಮ್ಮಗಳ ಕಿವಿಗೆ” ಎಂದಳು. ಹೂವು ಕಟ್ಟುವಾಗ, ರೊಟ್ಟಿ ತಟ್ಟುವಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು. ನನ್ನ ಇಷ್ಟು ಸೂಕ್ಷ್ಮದ ಕಿವಿಗೂ ಒಂದು ಅಕ್ಷರ ಸಿಗಲಿಲ್ಲ.

ಮುಹೂರ್ತ ಹನ್ನೆರಡರೊಳಗೆ ಇತ್ತು. ಮಂಗಳ ಬೆಳಗಿನ ರೈಲಿಗೆ ಹೋಗೋಣವೆಂದಳು. ನಾನು ಕೇಳಲಿಲ್ಲ. ಹೋದ ವರ್ಷವಷ್ಟೇ ಒಂದು ಹಳೆಯ ಕಾರು ಕೊಂಡಿದ್ದೆವು. ಪೂಜೆ ಮಾಡಿಸಿ, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಅಂಗಳದ ಬಿಸಿಲಿನಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿದ್ದೇ ಹೆಚ್ಚು, ಓಡಿಸಿದ್ದು ಕಡಿಮೆ. ತಿಪಟೂರಿನ ಮಾರುಕಟ್ಟೆಗೆ ಹೋಗಿ ಬರುವುದು, ಒಮ್ಮೆ ಸಂಪಿಗೆ ಊರಿನ ದೇವಸ್ಥಾನಕ್ಕೆ ಹೋಗಿ ಬಂದದ್ದು, ಅಷ್ಟೇ. ಬೆಂಗಳೂರಿನ ನೆಂಟರ ಮುಂದೆ ಸ್ವಂತ ಕಾರಿನಿಂದ ಇಳಿಯುವ ಸಂದರ್ಭ ದಿನಾ ಬರುತ್ತದೆಯೇ? ಜೊತೆಗೆ ಒಂದು ಚೀಲ ಸುಲಿದ ಕಾಯಿ, ಬಾಣಂತಿಯ ಮಡಿಲು ತುಂಬಲು ಕೊಬ್ಬರಿ, ಸೀರೆ, ಅಕ್ಕಿ, ಬೆಲ್ಲ ಇವನ್ನೆಲ್ಲ ರೈಲಿನಲ್ಲಿ ಹೊರುವವರು ಯಾರು? ಮಂಡಿನೋವಿನ ಅವ್ವನನ್ನು ಹತ್ತಿಸುವವರು ಯಾರು? ಹೀಗೆ ವಾದ ಮಾಡಿ ಗೆದ್ದೆ. ಮನೆಯಲ್ಲಿ ನಾನು ಗೆದ್ದ ವಾದಗಳನ್ನೆಲ್ಲ ಆಮೇಲೆ ಕೂತು ಯೋಚಿಸಿದರೆ, ಸೋತಿದ್ದರೆ ಒಳ್ಳೆಯದಿತ್ತು ಅನ್ನಿಸದ ಒಂದೂ ನೆನಪಿಗೆ ಬರುವುದಿಲ್ಲ.

ಬೆಳಿಗ್ಗೆ ಹೊತ್ತಿಗೆ ಮುಂಚೆಯೇ ಹೊರಟೆವು. ಅವ್ವ ಮುಂದೆ, ಮಂಗಳ ಮತ್ತು ಸಿಂಚನ ಹಿಂದೆ. ಮಂಗಳ ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಪರ್ಸು ಇಟ್ಟುಕೊಂಡು, ತುಟಿ ಅಲ್ಲಾಡಿಸುತ್ತ ಕೂತಿದ್ದಳು. ಕೆ.ಬಿ. ಕ್ರಾಸ್ ದಾಟಿ ಒಂದು ಹಂಪು ಹಾರಿಸಿದೆ ನೋಡಿ, ಕಾರಿನ ಹಿಂಭಾಗದಿಂದ ಒಂದು ಸದ್ದು ಬಂತು. ಕಟಕಟ. ನನ್ನ ಕಿವಿ ನೆಟ್ಟಗಾಯಿತು. ರಸ್ತೆ ನುಣುಪಾಗಿದ್ದ ಕಡೆ ಸದ್ದಿಲ್ಲ. ಹೋಗಲಿ ಬಿಡು ಎಂದುಕೊಳ್ಳುವಷ್ಟರಲ್ಲಿ ಒಂದು ಗುಂಡಿ. ಮತ್ತೆ ಕಟಕಟ.

“ಕೇಳಿಸ್ತಾ?” ಎಂದೆ.

“ಏನು?” ಎಂದಳು ಸಿಂಚನ, ಫೋನಿನಿಂದ ಕಣ್ಣೆತ್ತದೆ.

“ಹಿಂದ್ಗಡೆ ಏನೋ ಸಡಿಲ ಆಗಿದೆ.”

“ಡಿಕ್ಕೀಲಿರೋ ಕಾಯಿ ಉಳ್ಳಾಡ್ತಿರ್ಬೇಕು. ಸುಮ್ನೆ ಓಡಿಸ್ರಿ, ಹೊತ್ತಾಗುತ್ತೆ” ಎಂದಳು ಮಂಗಳ.

ನನಗೆ ರೇಗಿತು. “ಕಾಯಿ ಸದ್ದು ಯಾವುದು, ಗಾಡಿ ಸದ್ದು ಯಾವುದು ಅಂತ ನನಗೆ ಹೇಳ್ಕೊಡ್ತೀಯೇನೆ? ಹುಟ್ಟಿದಾಗ್ನಿಂದ ಕಾಯಿ ಸದ್ದು ಕೇಳ್ಕೊಂಡೇ ಬೆಳೆದಿದೀನಿ ಕಣೇ. ಇದು ಕಬ್ಬಿಣದ್ದು. ಒಳಗಿನ ಸದ್ದು.” ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮಂಗಳ ನೆನಪಿಟ್ಟುಕೊಂಡಿರುವುದೇ ಸಾಕು.

ಅವ್ವ ಮಾತ್ರ ನಿಶ್ಚಿಂತೆಯಿಂದ, “ಏನೂ ಆಗಕಿಲ್ಲ ಬುಡು ಸಿದ್ದೇಶ. ಗಾಡಿಗೆ ರಕ್ಷೆ ಐತೆ” ಎಂದಳು. ನಾನು ಮುಂದೆ ತೂಗುತ್ತಿದ್ದ ಒಣಗಿದ ನಿಂಬೆಹಣ್ಣನ್ನು ನೋಡಿದೆ. ಅದು ಕಾರನ್ನು ಕಾಪಾಡುವ ಸ್ಥಿತಿಯಲ್ಲಿರಲಿಲ್ಲ.

ನಿಟ್ಟೂರಿನ ಹತ್ತಿರ ನಿಲ್ಲಿಸಿ ಇಳಿದು ನಾಲ್ಕೂ ಚಕ್ರಗಳನ್ನು ಒದ್ದು ನೋಡಿದೆ. ಚಕ್ರ ಒದ್ದರೆ ಏನು ಗೊತ್ತಾಗುತ್ತದೆಂದು ನನಗೆ ಗೊತ್ತಿಲ್ಲ, ಆದರೆ ಕಾರಿನ ಯಜಮಾನರೆಲ್ಲ ಮೊದಲು ಅದನ್ನೇ ಮಾಡುವುದನ್ನು ನೋಡಿದ್ದೆ. ನಿಂತ ಕಾರಿನಲ್ಲಿ ಯಾವ ಸದ್ದೂ ಇರಲಿಲ್ಲ. ಹೊರಟ ಮೇಲೆ ಮತ್ತೆ ಕಟಕಟ. ಗುಬ್ಬಿಯಲ್ಲಿ ಒಂದು ಟೈರ್ ಅಂಗಡಿಯ ಮುಂದೆ ನಿಲ್ಲಿಸಿ ಕೇಳಿದೆ. ಅವನು ಗಾಳಿ ತುಂಬಿ, ಗಾಳಿ ಕಮ್ಮಿಯಾಗಿತ್ತು, ಅದಕ್ಕೇ ಎಂದ. ಗಾಳಿ ತುಂಬಿದ ಮೇಲೆ ಸದ್ದು ಇನ್ನೂ ಸ್ಪಷ್ಟವಾಗಿ ಕೇಳಿಸತೊಡಗಿತು. ಹಿಂದೆ ಮಂಗಳ ಸೆರಗಿನ ಅಂಚನ್ನು ಸುತ್ತುತ್ತ, ಬಿಚ್ಚುತ್ತ ಇದ್ದಳು. ಲೋಕೇಶನ ಫೋನು ಬಂತು. “ಬತ್ತಾ ಇದೀವಿ ಕಣಪ್ಪ, ಗುಬ್ಬಿ ಬಿಟ್ವಿ” ಎಂದು ಹೇಳಿ ಫೋನಿಟ್ಟು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ನಾನು ಕನ್ನಡಿಯನ್ನು ಸ್ವಲ್ಪ ತಿರುಗಿಸಿಕೊಂಡೆ.

ಸಿಂಚನಳಿಗೆ ಕನಿಕರವಾಯಿತೋ ಬೇಜಾರಾಯಿತೋ, “ಅಪ್ಪಾಜಿ, ಸದ್ದು ರೆಕಾರ್ಡ್ ಮಾಡಿ ನಮ್ಮ ಗ್ರೂಪಿಗೆ ಹಾಕ್ಲಾ?” ಎಂದಳು. ನಮ್ಮ ಕಡೆಯ ನೆಂಟರದೆಲ್ಲ ಸೇರಿ ಒಂದು ವಾಟ್ಸಾಪ್ ಗುಂಪಿದೆ. ಬೆಳಗಿನ ಹೂವಿನ ಚಿತ್ರ ಮತ್ತು ಕೊಬ್ಬರಿ ಧಾರಣೆ ಬಿಟ್ಟರೆ ಅದರಲ್ಲಿ ಇನ್ನೇನೂ ಬರುವುದಿಲ್ಲ. ಅವಳು ಫೋನನ್ನು ಹಿಂದಿನ ಸೀಟಿಗೆ ಒತ್ತಿ ಹಿಡಿದಳು, ನಾನು ಹುಡುಕಿ ಹುಡುಕಿ ಗುಂಡಿಗಳ ಮೇಲೆ ಕಾರು ಹಾಯಿಸಿದೆ. ಕಟಕಟ ಗುಂಪಿಗೆ ಹೋಯಿತು. ಒಂದು ಕ್ಷಣವೂ ತಡವಿಲ್ಲ, ಉತ್ತರಗಳು ಬಂದವು. ಚಿಕ್ಕನಾಯಕನಹಳ್ಳಿಯ ದೊಡ್ಡಪ್ಪನ ಮಗ ಸೈಲೆನ್ಸರ್ ಕಳಚಿದೆ ಎಂದ. ಹುಳಿಯಾರಿನ ಷಡ್ಡಕರು, ಬೇರಿಂಗ್ ಹೋಗಿದೆ, ಮುಂದಕ್ಕೆ ಓಡಿಸಬೇಡಿ ಎಂದು ಕೆಂಪು ಗುರುತಿನ ಸಮೇತ ಬರೆದರು. ಕೆಂಕೆರೆಯ ಚಿಕ್ಕಪ್ಪ, ಇದೇ ಸದ್ದು ಬಂದು ಅವರ ಪರಿಚಯದವರ ಗಾಡಿಯ ಚಕ್ರವೇ ಬೋರನಕಣಿವೆಯ ಹತ್ತಿರ ಕಳಚಿ ಉರುಳಿಹೋದ ಕತೆಯನ್ನು ದನಿ ಮುದ್ರಿಸಿ ಕಳಿಸಿದರು. ಕೊನೆಗೆ ಚಕ್ರ ಸಿಕ್ಕಿತೇ ಎಂಬುದನ್ನು ಹೇಳಲಿಲ್ಲ. ಇವರೆಲ್ಲರೂ ತೋಟವಂತರು, ಎಲ್ಲರ ಮನೆಯಲ್ಲೂ ಅಟ್ಟವಿದೆ, ಎಲ್ಲರೂ ಈ ಸದ್ದಿಗೇ ವರ್ಷಪೂರ್ತಿ ಕಾಯುವವರು. ಒಬ್ಬನಿಗಾದರೂ ಹೊಳೆಯಬೇಡವೇ? ನನಗೆ ಈಗ ಇರುವ ಸಮಾಧಾನ ಅದೊಂದೇ.

ಚಕ್ರ ಉರುಳಿದ ಕತೆ ಕೇಳಿದ ಮೇಲೆ ನನ್ನ ಧೈರ್ಯ ಉಡುಗಿತು. ಕಾರಿನಲ್ಲಿ ಅವ್ವನಿದ್ದಾಳೆ, ಹೆಂಡತಿ ಮಗಳಿದ್ದಾರೆ. ತುಮಕೂರಿನ ಹತ್ತಿರ ಹೆದ್ದಾರಿಯ ಪಕ್ಕ ಒಂದು ಗ್ಯಾರೇಜು ಕಂಡಿತು, ತಿರುಗಿಸಿಬಿಟ್ಟೆ. ಮೆಕ್ಯಾನಿಕ್ ನನ್ನ ಹಾಗೇ ಆತ್ಮವಿಶ್ವಾಸದ ಮನುಷ್ಯ. ಒಂದು ಸುತ್ತು ಓಡಿಸಿ ಬಂದು, ಕಣ್ಣು ಮುಚ್ಚಿ, “ಬುಷ್ ಹೋಗಿದೆ ಸಾರ್, ನೂರಕ್ಕೆ ನೂರು” ಎಂದ. ಕಣ್ಣು ಮುಚ್ಚಿ ತೀರ್ಪು ಕೊಡುವವರನ್ನು ಕಂಡರೆ ನನಗೆ ಗೌರವ. ಅರ್ಧ ಗಂಟೆ ಎಂದ. ಡಿಕ್ಕಿಯಲ್ಲಿದ್ದ ಕಾಯಿ ಚೀಲವನ್ನೂ ಮಡಿಲ ಸಾಮಾನನ್ನೂ ಇಳಿಸಿ, ಕಾರನ್ನು ಮೇಲೆತ್ತಿ, ಹಿಂದಿನ ಚಕ್ರಗಳನ್ನು ಕಳಚಿದ. ಅರ್ಧ ಗಂಟೆ ಎನ್ನುವುದು ಗ್ಯಾರೇಜಿನಲ್ಲಿ ಒಂದು ಸಮಾಧಾನದ ಮಾತು ಮಾತ್ರ. ಅದು ಕಳೆದು ಮತ್ತೊಂದು ಅರ್ಧ ಗಂಟೆ ಶುರುವಾಯಿತು. ಬುಷ್ ಹಾಕಿ ಓಡಿಸಿ ನೋಡಿದರೆ ಕಟಕಟ ಹಾಗೇ ಇದೆ. “ನೋಡಿದ್ಯಾ, ಚೀಲ ಇಳಿಸಿದ್ರೂ ಸದ್ದು ಬರ್ತಿದೆ. ಕಾಯಿ ಅಲ್ಲ ಅಂತ ಹೇಳ್ಲಿಲ್ವಾ?” ಎಂದು ಮಂಗಳಳ ಕಡೆ ತಿರುಗಿದೆ. ಇಂಥ ಹೊತ್ತಿನಲ್ಲೂ ನನಗೆ ಗೆದ್ದ ಸಂತೋಷವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಮಂಗಳ ಬೆಂಚಿನಿಂದ ಎದ್ದು ನಿಂತಿದ್ದಳು. ಜಗಳವಾಡಿದ್ದರೆ ಚೆನ್ನಾಗಿತ್ತು. ಆಡಲಿಲ್ಲ. “ನೀವು ಸದ್ದು ಹುಡುಕ್ಕೊಂಡು ನಿಧಾನಕ್ಕೆ ಬನ್ನಿ. ನಾನು ಬಸ್ಸಿಗೆ ಹೋಗ್ತೀನಿ” ಎಂದಳು.

“ಇನ್ನೇನು ಆಗೋಯ್ತು ಕಣೇ, ಐದು ನಿಮಿಷ...”

“ಆ ಮಗು ಹುಟ್ಟೋದಕ್ಕೆ ಎಷ್ಟು ವರ್ಷ ಕಾದಿದೀವಿ ಗೊತ್ತೇನ್ರಿ ನಿಮಗೆ? ನಾನು ಹೋಗ್ದಿದ್ರೆ ಅಲ್ಲಿ ಯಾರೋ ಒಬ್ರು ಕೂತು ಹೆಸರು ಕೂಗ್ತಾರೆ. ಏನಂತ ಕೂಗ್ತಾರೆ? ಹೆಸರು ನನ್ನ ಹತ್ರ ಇದೆ.” ನನಗೆ ಆ ಹೊತ್ತಿನಲ್ಲಿ ಮೊದಲ ಸಲ ಕಾರಿನ ಸದ್ದು ಮರೆತುಹೋಯಿತು. ಆದರೆ ಅಷ್ಟರಲ್ಲಿ ಮೆಕ್ಯಾನಿಕ್ ಮತ್ತೆ ಚಕ್ರ ಬಿಚ್ಚಲು ಕೂತಿದ್ದ. ರೇಷ್ಮೆ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಅವಳು ಹೆದ್ದಾರಿ ದಾಟಿದಳು, ಹಿಂದೆ ಸಿಂಚನ ಓಡಿದಳು. ಬಂದ ಕೆಂಪು ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದ ರೀತಿ ನೋಡಿ ಮೆಕ್ಯಾನಿಕ್ ಕೂಡ ಸ್ಪಾನರ್ ಕೆಳಗಿಟ್ಟ. ಮಡಿಲ ಸಾಮಾನನ್ನು ಕೊಡಬೇಕಿತ್ತು ಎಂದು ನನಗೆ ಹೊಳೆಯುವಷ್ಟರಲ್ಲಿ ಬಸ್ಸು ಹೋಗಿತ್ತು.

ಉಳಿದವರು ನಾನು, ಅವ್ವ, ಒಂದು ಚೀಲ ಕಾಯಿ. ಮೆಕ್ಯಾನಿಕ್ ಇನ್ನೂ ಒಂದೆರಡು ನಟ್ಟು ಬಿಗಿಮಾಡಿ, “ಹೀಗೇ ಓಡ್ಸಿ ಸಾರ್, ಏನೂ ಆಗಲ್ಲ. ಸೌಂಡ್ ಇರುತ್ತೆ ಅಷ್ಟೇ” ಎಂದು ಕೈ ಒರೆಸಿಕೊಂಡ. ಆ ಮಾತನ್ನು ಹೇಳುವುದಕ್ಕೆ ಚಕ್ರ ಬಿಚ್ಚಬೇಕಿತ್ತೇ ಎಂದು ಕೇಳುವ ಚೈತನ್ಯ ನನಗಿರಲಿಲ್ಲ. ಹೊರಟೆ. ಎಡಗಡೆಯ ಸಾಲಿನಲ್ಲಿ, ಎತ್ತಿನಗಾಡಿಯವರೂ ನಾಚುವಷ್ಟು ನಿಧಾನವಾಗಿ, ಒಂದು ಕಿವಿ ಹಿಂದಕ್ಕಿಟ್ಟು ಓಡಿಸಿದೆ. ದಾಬಸ್‌ಪೇಟೆಯ ಹತ್ತಿರ ಸಿಂಚನಳ ಸಂದೇಶ ಬಂದಿತು, ಅವ್ವನಿಗೆ ಓದಲು ಬಾರದು, ನನಗೆ ನೋಡಲು ಧೈರ್ಯ ಬಾರದು. ಅವ್ವ, “ಎಂಥ ಹೆಣ್ಣು ಕಣ್ಲಾ ನಿನ್ನ ಹೆಂಡ್ತಿ! ಬಸ್ಸು ತಡೆದಳಲ್ಲ!” ಎಂದು ಮೂರು ನಾಲ್ಕು ಸಲ ಹೇಳಿದಳು. ಅವಳಿಗೆ ಅದೊಂದು ಹಬ್ಬವಾಗಿತ್ತು.

ನೆಲಮಂಗಲ ಇನ್ನೂ ಮುಂದಿದೆ ಎನ್ನುವಾಗ ಲಾರಿಯವನೊಬ್ಬ ಪಕ್ಕದಲ್ಲಿ ಬಂದು, ನನ್ನ ಹಿಂದಿನ ಚಕ್ರದ ಕಡೆ ಕೈ ತೋರಿಸಿ ಹೋದ. ಕಳಚಿತು ಎಂದುಕೊಂಡೆ. ನಿಲ್ಲಿಸಿ ಇಳಿದು ನೋಡಿದರೆ ಚಕ್ರ ಇದೆ, ಗಾಳಿ ಇಲ್ಲ. ಪಂಕ್ಚರ್. ಬೆಳಗಿನಿಂದ ಕಿವಿಯನ್ನು ಹಿಂದಕ್ಕಿಟ್ಟು ಕೂತಿದ್ದೇನೆ, ನಿಜವಾಗಿ ಕೆಡಬೇಕಾದದ್ದು ಒಂದು ಪಿಟ್ ಎನ್ನದೆ ಕೆಟ್ಟಿತ್ತು. ಡಿಕ್ಕಿ ತೆಗೆದು, ಕಾಯಿ ಚೀಲ ಇಳಿಸಿ, ಮಡಿಲ ಸಾಮಾನು ಇಳಿಸಿ, ಹಾಸು ಎತ್ತಿ, ಕೊಂಡಾಗಿನಿಂದ ಒಮ್ಮೆಯೂ ಮುಟ್ಟದಿದ್ದ ಸ್ಟೆಪ್ನಿಯನ್ನು ಹೊರಗೆಳೆದೆ. ಅದರ ಅಡಿಯ ಗುಂಡಿಯಲ್ಲಿ ಅರಿಶಿನ ಬಟ್ಟೆಯ ಒಂದು ಗಂಟಿತ್ತು. ಬಿಚ್ಚಿದೆ. ಜುಟ್ಟಿನ ಸಮೇತ ಒಂದು ತೆಂಗಿನಕಾಯಿ.

ಕೈ ತಾನಾಗಿ ಕಿವಿಯ ಹತ್ತಿರ ಹೋಯಿತು. ಅಲ್ಲಾಡಿಸಿದೆ. ಕಟಕಟ.

“ಆಹಾ, ಒಳ್ಳೇ ಗಿಟುಕು!” ಎಂದೆ.

ನಿಜವಾಗಿ ಹೇಳುತ್ತೇನೆ, ಮೊದಲು ಬಾಯಿಗೆ ಬಂದದ್ದು ಆ ಮಾತು. ಆಮೇಲೆ ನಿಧಾನವಾಗಿ, ಬೆನ್ನಿನಿಂದ ಮೇಲಕ್ಕೆ ಹತ್ತುತ್ತ, ತಲೆಗೆ ಅರ್ಥವಾಯಿತು. ಹೆದ್ದಾರಿಯ ಪಕ್ಕ ಮಣ್ಣಿನಲ್ಲಿ ಮಂಡಿಯೂರಿ, ಕಿವಿಗೆ ಕಾಯಿ ಹಿಡಿದುಕೊಂಡು ನಾನು ಎಷ್ಟು ಹೊತ್ತು ಕೂತಿದ್ದೆನೋ. ಲಾರಿಗಳು ಹಾರನ್ ಹೊಡೆಯುತ್ತ ಹೋಗುತ್ತಿದ್ದವು. ಮನೆಯಲ್ಲಿ ಈ ಸದ್ದು ಕೇಳಿದರೆ ಮುಖ ಅರಳುತ್ತದೆ. ಅಟ್ಟವಿಲ್ಲದ ಕಡೆ ಅದೇ ಸದ್ದು ಕೇಳಿ ಬೆಳಗಿನಿಂದ ಜೀವ ಬಾಯಿಗೆ ಬಂದಿತ್ತು.

ಅವ್ವ ಕಿಟಕಿಯಿಂದ ಕತ್ತು ಹೊರಗೆ ಹಾಕಿ, “ಅಯ್ಯೋ, ಅದನ್ಯಾಕೆ ತೆಗ್ದೆ? ನಾನೇ ಮಡಗಿದ್ದು ಕಣಪ್ಪ. ಗಾಡಿ ಪೂಜೆ ಮಾಡಿಸ್ದ ದಿನ ಅಟ್ಟದ ಮೇಲಿಂದ ಒಂದು ಕಾಯಿ ತಂದು ನಿವಾಳಿಸಿ ಮಡಗಿದ್ದೆ. ರಕ್ಷೆ ಐತೆ ಅಂತ ಬೆಳಿಗ್ಗೇನೇ ಹೇಳ್ಲಿಲ್ವಾ?” ಎಂದಳು.

“ಏನು ರಕ್ಷೆ ಅಂತ ಹೇಳಿದ್ಯೇನವ್ವ?”

“ನೀನೆಲ್ಲಿ ಕೇಳ್ದೆ? ನಿಂಗೆ ಸದ್ದು ಕೇಳೋದ್ರಲ್ಲೇ ಹೊತ್ತು ಹೋಯ್ತು.” ಆಮೇಲೆ ಕಾಯನ್ನು ಇಸಿದುಕೊಂಡು ತಾನೂ ಅಲ್ಲಾಡಿಸಿ ನೋಡಿ, ಹಣೆಗೆ ಒತ್ತಿಕೊಂಡಳು. “ಕೆಡ್ದೆ ಕೊಬ್ರಿ ಆಗೈತೆ. ಶುಭ ಕಣಪ್ಪ. ಮಗೀಗೆ ಒಳ್ಳೇದಾಗ್ತೈತೆ.”

ಮೊದಲೇ ಅರ್ಧ ಒಣಗಿದ್ದ ಅಟ್ಟದ ಕಾಯಿ. ಅಂಗಳದ ಬಿಸಿಲು, ಮೇಲೆ ಟಾರ್ಪಾಲು, ಒಳಗೆ ಕತ್ತಲು, ಇಲಿಯ ಕಾಟವಿಲ್ಲ. ನಾನು ಕಾರು ನಿಲ್ಲಿಸಿದ್ದೇನೆ ಎಂದುಕೊಂಡಿದ್ದೆ, ಅವ್ವ ನನಗೆ ತಿಳಿಯದಂತೆ ಅದನ್ನು ಸಣ್ಣ ಅಟ್ಟ ಮಾಡಿದ್ದಳು. ಆ ಗಿಟುಕು ಇಡೀ ವರ್ಷ ಸುಮ್ಮನಿದ್ದು, ಚಿಪ್ಪು ಬಿಡಲು ನಾಮಕರಣದ ಬೆಳಗನ್ನೇ ಆರಿಸಿಕೊಂಡಿತ್ತು.

ಲೋಕೇಶನ ಮನೆ ತಲುಪಿದಾಗ ಊಟದ ಎಲೆಗಳನ್ನೂ ತೆಗೆದಾಗಿತ್ತು. ಸ್ವಂತ ಕಾರಿನಿಂದ ಇಳಿದೆ, ಆದರೆ ನೋಡಲು ಯಾರೂ ಹೊರಗಿರಲಿಲ್ಲ. ಒಳಗೆ ಹೋದರೆ ಮಂಗಳ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮುಹೂರ್ತಕ್ಕೆ ಸರಿಯಾಗಿ ಬಂದಿದ್ದಳಂತೆ. ಬಸ್ಸಿನಿಂದ ಇಳಿದು ಆಟೋ ಹಿಡಿದು, ಮೆಟ್ಟಿಲು ಹತ್ತಿ, ಉಸಿರು ಕೂಡ ಬಿಡದೆ ನೇರವಾಗಿ ತೊಟ್ಟಿಲಿಗೆ ಬಗ್ಗಿದಳಂತೆ. ಸಿಂಚನ ತೆಗೆದ ಫೋಟೋ ತೋರಿಸಿದಳು. ಕೂದಲೆಲ್ಲ ಗಾಳಿಗೆ ಕೆದರಿದೆ, ಕೈಯಲ್ಲಿ ಬಸ್ಸಿನ ಟಿಕೇಟು ಹಾಗೇ ಇದೆ, ಮುಖ ಮಾತ್ರ ನಾನು ನಮ್ಮ ಮದುವೆಯ ದಿನವೂ ನೋಡದಷ್ಟು ಚೆನ್ನಾಗಿದೆ. ಹೆಸರು ಇಂಚರ. ಇಂಪಾದ ದನಿ ಎಂದು ಅರ್ಥವಂತೆ. ಅದನ್ನು ಅವಳು ಮೂರು ಸಲ ಹೇಳುವಾಗ ನಾನು ಅಲ್ಲಿರಲಿಲ್ಲ. ಇಷ್ಟು ದೊಡ್ಡ ಕಿವಿ ಇಟ್ಟುಕೊಂಡು, ಕೇಳಬೇಕಾಗಿದ್ದ ಒಂದೇ ಒಂದು ಪಿಸುಮಾತನ್ನು ಕೇಳದೆ ಹೋದೆನಲ್ಲ!

“ಏನಾಗಿತ್ತಂತೆ ಗಾಡಿಗೆ?” ಎಂದಳು ಮಂಗಳ. ಸುತ್ತಲೂ ವಾಟ್ಸಾಪ್ ಗುಂಪಿನ ತಜ್ಞರೆಲ್ಲ ಕೂತಿದ್ದರು. ಅವರೆಲ್ಲ ಹೊತ್ತಿಗೆ ಸರಿಯಾಗಿ ರೈಲಿನಲ್ಲಿ ಬಂದಿದ್ದವರು.

“ಏನೋ ಸಣ್ಣದು. ಸರಿಹೋಯ್ತು” ಎಂದೆ.

ಅಷ್ಟರಲ್ಲಿ ಹಿಂದಿನಿಂದ ಅವ್ವ ಬಂದಳು. ಎರಡೂ ಕೈಯಲ್ಲಿ ಅರಿಶಿನ ಬಟ್ಟೆಯ ಗಂಟನ್ನು ಪ್ರಸಾದದ ಹಾಗೆ ಹಿಡಿದುಕೊಂಡು, “ನೋಡ್ರವ್ವ, ಗಾಡಿಯೊಳಗೆ ಮಡಗಿದ್ದ ಕಾಯಿ ಕೊಬ್ರಿ ಆಗೈತೆ!” ಎಂದು ಎಲ್ಲರಿಗೂ ಕೇಳಿಸುವಂತೆ ಅಲ್ಲಾಡಿಸಿದಳು. ಬೇರಿಂಗಿನ ಷಡ್ಡಕರು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಕೆಂಕೆರೆಯ ಚಿಕ್ಕಪ್ಪ ಮಾತ್ರ, “ನಂಗೆ ಆಗ್ಲೇ ಡೌಟ್ ಇತ್ತು” ಎಂದರು. ಗದ್ದಲಕ್ಕೆ ಮಗು ಎದ್ದು ಅಳಲು ಶುರುಮಾಡಿತು. ಅವ್ವ ಹತ್ತಿರ ಹೋಗಿ ಕಾಯನ್ನು ಮೆಲ್ಲಗೆ ಅಲ್ಲಾಡಿಸಿದಳು. ಕಟಕಟ. ಇಂಚರ ಅಳು ನಿಲ್ಲಿಸಿ, ಕಣ್ಣರಳಿಸಿ, ಸದ್ದು ಬಂದ ಕಡೆ ಕತ್ತು ತಿರುಗಿಸಿದಳು. ಮಂಗಳ ಮಗುವನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. “ಇವಳಿಗೆ ಒಂದೇ ಸಲಕ್ಕೆ ಗೊತ್ತಾಯ್ತು ನೋಡಿ, ಸದ್ದು ಎಲ್ಲಿಂದ ಬರ್ತಿದೆ ಅಂತ” ಎಂದಳು. ಲೋಕೇಶ ನಗಲು ಶುರುಮಾಡಿದ. ಬಾಣಂತಿ, ನಗಬಾರದೆಂದು ಹಿರಿಯರು ಹೇಳಿದ್ದರೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಮಡಿಲು ತುಂಬುವ ಶಾಸ್ತ್ರ ನನ್ನ ಸಲುವಾಗಿ ಕಾದಿತ್ತು. “ನಿಮ್ಮ ಕಾರಲ್ಲಿ ಬಂದಿದ್ದು ಸಾಮಾನು, ಬಸ್ಸಲ್ಲಿ ಬಂದಿದ್ದು ನಾನು” ಎನ್ನುತ್ತ ಮಂಗಳ ಮಡಿಲು ತುಂಬಿದಳು. ಬಯ್ಗುಳ ಅಷ್ಟಕ್ಕೇ ಮುಗಿಯಿತಲ್ಲ ಎಂದು ನನಗೆ ಆಶ್ಚರ್ಯವಾಯಿತು.

ಮುಗಿದಿರಲಿಲ್ಲ. ಸಂಜೆ ವಾಪಸ್ ಹೊರಟಾಗ ಕಾರು ಒಂದು ಸದ್ದಿಲ್ಲದೆ ಓಡಿತು. ಓದುಗರು ನಂಬಬೇಕು, ನನಗೆ ಅದೂ ತಡೆಯಲಾಗಲಿಲ್ಲ. ಗುಂಡಿ ಬಂದರೂ ಸದ್ದಿಲ್ಲ, ಹಂಪು ಬಂದರೂ ಸದ್ದಿಲ್ಲ, ಎಲ್ಲೋ ಏನೋ ಕೆಟ್ಟಿರಬೇಕು ಎಂದು ಕಿವಿ ಹುಡುಕುತ್ತಲೇ ಇತ್ತು. ಆಗ ಹಿಂದಿನ ಸೀಟಿನಿಂದ ಕಟಕಟ. ತಲೆಗೆ ಅದು ಕಾಯಿ ಎಂದು ಗೊತ್ತಾಗುವ ಮೊದಲೇ ಕಾಲು ಬ್ರೇಕ್ ಒತ್ತಿತ್ತು. ಮಂಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಿಟ್ಟೂರು ದಾಟುವವರೆಗೂ ಬಂದ ಹಂಪಿಗೆಲ್ಲ ಅಲ್ಲಾಡಿಸಿದಳು, ಅಲ್ಲಾಡಿಸಿದಾಗಲೆಲ್ಲ ನನ್ನ ಕಾಲು ಬ್ರೇಕಿಗೆ ಹೋಯಿತು. ತಾಯಿ ಮಗಳು ಅಜ್ಜಿ ಮೂವರೂ ಕಣ್ಣಲ್ಲಿ ನೀರು ಬರುವಂತೆ ನಗುತ್ತ ಊರು ಸೇರಿದರು.

ಆ ಕಾಯಿ ಈಗ ಕಾರಿನಲ್ಲೂ ಇಲ್ಲ, ಅಟ್ಟದ ಮೇಲೂ ಇಲ್ಲ. ಒಡೆಯುವುದಕ್ಕೆ ಅವ್ವ ಬಿಡಲಿಲ್ಲ. ಅಡಿಗೆಮನೆಯ ಗೂಡಿನಲ್ಲಿ, ಉಪ್ಪಿನ ಭರಣಿಯ ಪಕ್ಕ ಕೂತಿದೆ. ಮಂಗಳ ನನ್ನನ್ನು ಹೆಸರು ಹಿಡಿದಂತೂ ಮೊದಲೂ ಕರೆಯುತ್ತಿರಲಿಲ್ಲ, ಈಗ “ರೀ” ಎನ್ನುವುದನ್ನೂ ಬಿಟ್ಟಿದ್ದಾಳೆ. ಊಟಕ್ಕೆ ಕರೆಯಬೇಕಾದರೆ, ಸಿಲಿಂಡರ್ ಬದಲಾಯಿಸಬೇಕಾದರೆ ಗೂಡಿಗೆ ಕೈ ಹಾಕಿ ಆ ಕಾಯನ್ನು ಎರಡು ಸಲ ಅಲ್ಲಾಡಿಸುತ್ತಾಳೆ. ನಾನು ಜಗಲಿಯಲ್ಲಿರಲಿ, ಹಿತ್ತಿಲಲ್ಲಿರಲಿ, ಎದ್ದು ಬರುತ್ತೇನೆ. ಇಷ್ಟು ವರ್ಷದ ಅವಳ ತಕರಾರು ಒಂದು ಗಿಟುಕಿನಿಂದ ತೀರಿತು. ಇದನ್ನು ಬರೆಯುತ್ತಿರುವಾಗಲೂ ಒಳಗಿನಿಂದ ಕಟಕಟ ಕೇಳಿಸಿತು. ಯಾಕೆಂದು ಗೊತ್ತಿಲ್ಲ, ಹೋಗಿ ನೋಡುತ್ತೇನೆ.